ಗಡಿಯಾಚೆಯ ಹಾಡು, ಗಡಿಯೀಚೆಯ ಕಾವ್ಯ

(ಫಿನ್ಲೆಂಡಿನ ‘ಕಲೆವಾಲ’ವನ್ನು ಕುರಿತು ಕೆಲವು ವಿಚಾರಗಳು)

೧

ಒಂದು ಜನಾಂಗದ ಸಂಸ್ಕೃತಿಯು ಅದರ ಆತ್ಮವೆಂದೂ, ರಾಜಕೀಯವು ಆ ಆತ್ಮವು ಕಾಲಕಾಲಕ್ಕೆ ತೊಟ್ಟು ಕಳಚುವ ಉಡುಪೆಂದೂ ನಮ್ಮಲ್ಲಿ ಬಹುಮಂದಿ ನಂಬಿರುವರು. ಅರಸರು ಬರುವರು, ಹೋಗುವರು. ಭಾಷೆ, ಹಾಡು, ಕಥೆ, ಆಚಾರಗಳು ಮಾತ್ರ ನೆಲದಡಿಯ ನೀರಿನಂತೆ ತಮ್ಮ ಪಾಡಿಗೆ ತಾವು ಹರಿಯುತ್ತಿರುವುವು ಎಂಬುದು ಈ ನಂಬಿಕೆಯ ಸಾರ. ಕೇಳುವುದಕ್ಕೆ ಇದು ಇಂಪಾಗಿದೆ. ಸಭೆಗಳಲ್ಲಿ ಹೇಳುವುದಕ್ಕೂ ಅನುಕೂಲವಾಗಿದೆ. ಆದರೆ ಯಾವುದಾದರೊಂದು ನಾಡಿನ ಸಾಹಿತ್ಯಚರಿತ್ರೆಯನ್ನು ಅದರ ರಾಜಕೀಯ ಚರಿತ್ರೆಯ ಪಕ್ಕದಲ್ಲಿಟ್ಟು ಓದತೊಡಗಿದೊಡನೆ ಈ ನಂಬಿಕೆಗೆ ತೊಡಕು ಒದಗುವುದು. ಯಾವ ಹಾಡು ಉಳಿಯಿತು, ಯಾವುದು ಅಳಿಯಿತು, ಉಳಿದುದರಲ್ಲಿ ಯಾವುದಕ್ಕೆ ‘ರಾಷ್ಟ್ರದ ಕಾವ್ಯ’ವೆಂಬ ಹೆಸರು ಬಂದಿತು, ಆ ಹೆಸರಿನ ಗೌರವ ಯಾರಿಗೆ ಸಂದಿತು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಒಪ್ಪಂದಪತ್ರಗಳಲ್ಲಿಯೂ ಗಡಿಗೆರೆಗಳಲ್ಲಿಯೂ ಹುಡುಕಬೇಕಾಗುತ್ತದೆ.

ಈ ಮಾತಿಗೆ ಫಿನ್ಲೆಂಡ್ ದೇಶದ ‘ಕಲೆವಾಲ’ವು ಸ್ಪಷ್ಟವಾದ ನಿದರ್ಶನ. ಐವತ್ತು ಹಾಡುಗಳ, ೨೨,೭೯೫ ಸಾಲುಗಳ ಈ ಮಹಾಕಾವ್ಯವು ತನ್ನದೇ ರಾಜ್ಯವಿಲ್ಲದಿದ್ದ ಒಂದು ಜನತೆಗೆ ತಾನೊಂದು ರಾಷ್ಟ್ರವೆಂಬ ಧೈರ್ಯವನ್ನು ಕೊಟ್ಟಿತು. ಆದರೆ ಅದರ ಶ್ರೇಷ್ಠ ಭಾಗಗಳಿಗೆ ಮೂಲವಾದ ಹಾಡುಗಳಲ್ಲಿ ಹೆಚ್ಚಿನವು ಹುಟ್ಟಿ ಬೆಳೆದುದು ಫಿನ್ಲೆಂಡಿನೊಳಗಲ್ಲ. ಅಂದು ಅದರ ಗಡಿಯ ಆಚೆಗಿದ್ದ, ಇಂದಿಗೂ ಆಚೆಗೇ ಇರುವ ಹಳ್ಳಿಗಳಲ್ಲಿ. ಕಾವ್ಯ ಒಂದು ನಾಡಿನದಾಯಿತು. ಹಾಡಿದವರು ಇನ್ನೊಂದು ನಾಡಿನವರಾಗಿಯೇ ಉಳಿದರು. ರಾಜ್ಯದ ಗಡಿಯಿಂದಾಚೆ ನಿಂತು ಕನ್ನಡವನ್ನು ಕಲಿಸುತ್ತಲೂ ಕಲಿಯುತ್ತಲೂ ಇರುವ ನಮಗೆ ಈ ಕಾವ್ಯವನ್ನು ವಿಮರ್ಶಿಸುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಾಗಿಲ್ಲ.

೨

ಫಿನ್ಲೆಂಡು ಸುಮಾರು ಆರುನೂರು ವರ್ಷಗಳ ಕಾಲ ಸ್ವೀಡನ್ ರಾಜ್ಯದ ಪೂರ್ವಭಾಗವಾಗಿತ್ತು. ಆಡಳಿತ, ನ್ಯಾಯಸ್ಥಾನ, ಉನ್ನತ ವಿದ್ಯೆ ಎಲ್ಲವೂ ಸ್ವೀಡಿಷ್ ಭಾಷೆಯಲ್ಲಿ; ಪಂಡಿತರಿಗೆ ಲ್ಯಾಟಿನ್. ಫಿನ್ನಿಷ್ ಭಾಷೆಯು ಒಕ್ಕಲಿಗರ ಮನೆಯಲ್ಲಿಯೂ ಚರ್ಚಿನ ಉಪದೇಶದಲ್ಲಿಯೂ ಇತ್ತು. ಮಿಕೇಲ್ ಅಗ್ರಿಕೋಲ ಎಂಬ ಧರ್ಮಾಧಿಕಾರಿಯು ೧೫೪೩ರಲ್ಲಿ ಆ ಭಾಷೆಯ ಮೊದಲ ಅಕ್ಷರಮಾಲೆಯನ್ನು ಅಚ್ಚು ಹಾಕಿಸಿದನು. ೧೫೪೮ರಲ್ಲಿ ‘ಹೊಸ ಒಡಂಬಡಿಕೆ’ಯನ್ನು ಅನುವಾದಿಸಿ ಪ್ರಕಟಿಸಿದನು. ಆ ಬಳಿಕವೂ ಬಹುಕಾಲ ಅದು ಧರ್ಮಗ್ರಂಥಗಳ ಭಾಷೆಯಾಗಿಯೇ ಉಳಿಯಿತು. ಅದರಲ್ಲಿ ಕಾವ್ಯ ಬರೆಯಬಹುದೆಂದು ಓದಿದವರಲ್ಲಿ ಕೆಲವರು ಮಾತ್ರ ನೆನೆಯುತ್ತಿದ್ದರು.

೧೮೦೮–೦೯ರ ಯುದ್ಧವು ಈ ಸ್ಥಿತಿಯನ್ನು ಮುರಿಯಿತು. ಸ್ವೀಡನ್ ಸೋತು ಫಿನ್ಲೆಂಡನ್ನು ರಷ್ಯಕ್ಕೆ ಬಿಟ್ಟುಕೊಟ್ಟಿತು. ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನು ೧೮೦೯ರಲ್ಲಿ ಪೊರ್ವೋ ಎಂಬಲ್ಲಿ ನಾಡಿನ ವರ್ಗಪ್ರತಿನಿಧಿಗಳ ಸಭೆಯನ್ನು ಕರೆದು, ಅವರ ಹಳೆಯ ಕಾನೂನುಗಳನ್ನೂ ಲೂಥರನ್ ಮತವನ್ನೂ ಹಾಗೆಯೇ ಉಳಿಸುವೆನೆಂದು ಮಾತುಕೊಟ್ಟನು. ಹೀಗೆ ಫಿನ್ಲೆಂಡು ತನ್ನದೇ ಆಡಳಿತವುಳ್ಳ ಒಂದು ಮಹಾಸಂಸ್ಥಾನವಾಯಿತು. ೧೮೧೨ರಲ್ಲಿ ರಾಜಧಾನಿಯು ಸ್ವೀಡನ್ನಿಗೆ ಮುಖ ಮಾಡಿದ್ದ ತುರ್ಕು ಪಟ್ಟಣದಿಂದ ರಷ್ಯಕ್ಕೆ ಹತ್ತಿರವಾದ ಹೆಲ್ಸಿಂಕಿಗೆ ಬಂದಿತು. ೧೮೨೭ರ ಬೆಂಕಿಯಲ್ಲಿ ತುರ್ಕು ಸುಟ್ಟುಹೋದ ಮೇಲೆ ೧೮೨೮ರಲ್ಲಿ ವಿಶ್ವವಿದ್ಯಾಲಯವೂ ಅಲ್ಲಿಗೇ ಬಂದಿತು.

ಇಲ್ಲಿ ನಡೆದುದರ ಕ್ರಮವನ್ನು ವಿದ್ಯಾರ್ಥಿಗಳು ಚೆನ್ನಾಗಿ ಗಮನಿಸಬೇಕು. ರಾಷ್ಟ್ರವೊಂದು ಮೊದಲೇ ಎಚ್ಚರಗೊಂಡು ತನಗೊಂದು ರಾಜ್ಯವನ್ನು ಕಟ್ಟಿಕೊಳ್ಳಲಿಲ್ಲ. ಇಬ್ಬರು ಅರಸರ ನಡುವಣ ಯುದ್ಧದಿಂದ ಒಂದು ಆಡಳಿತಘಟಕ ಹುಟ್ಟಿತು. ಆ ಘಟಕಕ್ಕೆ ತಕ್ಕ ರಾಷ್ಟ್ರಭಾವವನ್ನು ಆಮೇಲೆ ಹುಡುಕಬೇಕಾಯಿತು. ಸ್ವೀಡಿಷ್ ಮಾತನಾಡುವ ವಿದ್ಯಾವಂತರು ಇಕ್ಕಟ್ಟಿಗೆ ಸಿಕ್ಕಿದರು. ಇನ್ನು ಮೇಲೆ ಅವರು ಸ್ವೀಡನ್ನಿನವರಲ್ಲ; ರಷ್ಯನ್ನರಾಗುವುದು ಅವರಿಗೆ ಬೇಕಿಲ್ಲ. ಹಾಗಾದರೆ ತಾವು ಯಾರು? ತಮ್ಮ ಅಡುಗೆಮನೆಯಲ್ಲಿಯೂ ಹೊಲದಲ್ಲಿಯೂ ಕೆಲಸದವರು ಆಡುತ್ತಿದ್ದ ಭಾಷೆಯ ಕಡೆಗೆ ಅವರು ಆಗ ತಿರುಗಿದರು. ಸ್ವೀಡನ್ನಿನ ನೆನಪು ಮಾಸಲಿ ಎಂಬ ಕಾರಣದಿಂದ ರಷ್ಯದ ಅಧಿಕಾರಿಗಳೂ ಮೊದಮೊದಲು ಇದಕ್ಕೆ ಅಡ್ಡಬರಲಿಲ್ಲ.

೧೮೨೨ರಲ್ಲಿ ತುರ್ಕುವಿನ ವಿದ್ಯಾಪೀಠಕ್ಕೆ ಮೂವರು ತರುಣರು ಸೇರಿದರು. ಯೂಹಾನ್ ಲುಡ್ವಿಗ್ ರೂನೆಬರ್ಗ್ ಮುಂದೆ ನಾಡಿನ ರಾಷ್ಟ್ರಕವಿಯೆನಿಸಿದನು. ಆದರೆ ಬರೆದುದು ಸ್ವೀಡಿಷ್‌ನಲ್ಲಿ. ಇಂದು ಫಿನ್ಲೆಂಡಿನ ರಾಷ್ಟ್ರಗೀತೆಯಾಗಿರುವುದು ಅವನು ಸ್ವೀಡಿಷ್‌ನಲ್ಲಿ ಬರೆದ ಕವಿತೆ. ಅದಕ್ಕೆ ರಾಗ ಹಾಕಿದವನು ಜರ್ಮನಿಯಲ್ಲಿ ಹುಟ್ಟಿದ ಪಾಸಿಯುಸ್. ಎರಡನೆಯವನು ಯೂಹಾನ್ ವಿಲ್ಹೆಲ್ಮ್ ಸ್ನೆಲ್‌ಮನ್. ವಿದ್ಯಾವಂತರು ಜನರ ಭಾಷೆಯನ್ನು ತಮ್ಮದಾಗಿಸಿಕೊಳ್ಳದೆ ರಾಷ್ಟ್ರವಿಲ್ಲವೆಂದು ವಾದಿಸಿದ ತತ್ತ್ವಜ್ಞಾನಿ. ಮೂರನೆಯವನು ಸಮ್ಮತ್ತಿ ಎಂಬ ಹಳ್ಳಿಯ ದರ್ಜಿಯ ಮಗನಾದ ಎಲಿಯಾಸ್ ಲ್ಯೋನ್‌ರೋಟ್. ಮೂವರಲ್ಲಿ ತಾಯಿನುಡಿ ಫಿನ್ನಿಷ್ ಆಗಿದ್ದುದು ಇವನೊಬ್ಬನಿಗೆ.

೩

ಲ್ಯೋನ್‌ರೋಟನು ವೈದ್ಯನಾದನು, ೧೮೩೩ರಿಂದ ಕಯಾನಿ ಎಂಬ ಬಡ ಪ್ರಾಂತದಲ್ಲಿ ಸರಕಾರದ ವೈದ್ಯನಾಗಿದ್ದನು. ೧೮೨೮ರಿಂದ ಮೊದಲುಗೊಂಡು ಹಲವು ಸಲ ಕಾಲ್ನಡಿಗೆಯಲ್ಲಿಯೂ ದೋಣಿಯಲ್ಲಿಯೂ ಹಿಮದ ಬಂಡಿಯಲ್ಲಿಯೂ ಸಂಚರಿಸಿ ಹಳೆಯ ಹಾಡುಗಳನ್ನು ಬರೆದುಕೊಂಡನು. ೧೮೩೧ರಲ್ಲಿ ಹೆಲ್ಸಿಂಕಿಯಲ್ಲಿ ಸ್ಥಾಪಿತವಾದ ಫಿನ್ನಿಷ್ ಸಾಹಿತ್ಯ ಸಂಘವು ಅವನ ಸಂಚಾರಕ್ಕೆ ನೆರವಾಯಿತು.

ಅವನು ಪೂರ್ವದಿಕ್ಕಿಗೆ ಹೋದುದೇಕೆ? ಅಲ್ಲಿಂದ ಬೆನ್ನಮೇಲೆ ಸರಕಿನ ಗಂಟು ಹೊತ್ತು ಫಿನ್ಲೆಂಡಿನ ಹಳ್ಳಿಗಳಿಗೆ ಬರುತ್ತಿದ್ದ ತಿರುಗಾಟದ ವ್ಯಾಪಾರಿಗಳ ಬಾಯಲ್ಲಿ ಹಳೆಯ ಹಾಡುಗಳು ಇದ್ದುವು. ಹಾಸಿಗೆ ಹಿಡಿದಿದ್ದ ಟೊಪೇಲಿಯುಸ್ ಎಂಬ ವೈದ್ಯನು ಅವರನ್ನು ಮನೆಗೆ ಕರೆಸಿ ಹಾಡಿಸಿ, ೧೮೨೨ರಿಂದ ೧೮೩೧ರ ವರೆಗೆ ಆ ಹಾಡುಗಳನ್ನು ಪುಸ್ತಿಕೆಗಳಾಗಿ ಹೊರತಂದಿದ್ದನು. ಹಾಡು ಎಲ್ಲಿ ಜೀವಂತವಾಗಿದೆಯೆಂಬ ಸುಳಿವು ವಿದ್ವಾಂಸರಿಗೆ ಸಿಕ್ಕಿದುದು ಈ ವ್ಯಾಪಾರಿಗಳಿಂದ. ಅವರ ನಾಡು ವಿಯೆನ ಕರೇಲಿಯ. ರಷ್ಯದ ಅರ್ಖಾಂಗೆಲ್ಸ್ಕ್ ಪ್ರಾಂತಕ್ಕೆ ಸೇರಿದುದು. ಅಲ್ಲಿಯ ಜನರಾಡುವ ಕರೇಲಿಯನ್ ನುಡಿಯು ಫಿನ್ನಿಷ್‌ಗೆ ತೀರ ಹತ್ತಿರವಾದ ಸೋದರಭಾಷೆ.

ಹಾಡುಗಳು ಅಲ್ಲಿ ಉಳಿದುದಕ್ಕೂ ರಾಜಕೀಯ ಕಾರಣವಿದೆ. ೧೩೨೩ರಲ್ಲಿ ಸ್ವೀಡನ್ನೂ ನೊವ್‌ಗೊರೊಡ್ ರಾಜ್ಯವೂ ಮಾಡಿಕೊಂಡ ಒಪ್ಪಂದದಿಂದ ಕರೇಲಿಯವು ಇಬ್ಭಾಗವಾಯಿತು. ಪಶ್ಚಿಮದವರು ಕ್ಯಾಥೊಲಿಕರಾಗಿ, ಆಮೇಲೆ ಲೂಥರನರಾದರು. ಪೂರ್ವದವರು ಆರ್ಥೊಡಾಕ್ಸ್ ಮತದಲ್ಲಿ ಉಳಿದರು. ಲೂಥರನ್ ಪಾದ್ರಿಗಳು ಓದನ್ನು ಕಲಿಸಿದರು. ಅದರೊಡನೆ ಹಳೆಯ ಹಾಡುಗಳನ್ನು ಅಂಧಶ್ರದ್ಧೆಯೆಂದು ಹಳಿದರು. ಅಗ್ರಿಕೋಲನೇ ೧೫೫೧ರಲ್ಲಿ ಜನರ ಹಳೆಯ ದೇವತೆಗಳನ್ನು ಪಟ್ಟಿಮಾಡಿದನು; ಪೂಜಿಸುವುದಕ್ಕಲ್ಲ, ಬಿಡಿಸುವುದಕ್ಕೆ. ಪೂರ್ವದಲ್ಲಿ ಶಾಲೆಗಳು ವಿರಳ, ಪಾದ್ರಿಗಳ ಕಟ್ಟುನಿಟ್ಟೂ ಅಷ್ಟಿರಲಿಲ್ಲ. ಆದುದರಿಂದ ವಿದ್ಯೆ ಬಂದ ಕಡೆ ಹಾಡು ಸೊರಗಿತು. ವಿದ್ಯೆ ತಲುಪದ ಕಡೆ ಹಾಡು ಉಳಿಯಿತು. ಅಧ್ಯಾಪಕರಾದವರಿಗೆ ಇದು ಹಿತವಾದ ಮಾತಲ್ಲವಾದರೂ ನಿಜವಾದ ಮಾತು.

೧೮೩೪ರ ವಸಂತದಲ್ಲಿ ಲ್ಯೋನ್‌ರೋಟನು ಲತ್ವಯಾರ್ವಿ ಎಂಬ ಹಳ್ಳಿಯಲ್ಲಿ ಅರ್ಹಿಪ್ಪ ಪೆರ್ಟುನೆನ್ ಎಂಬ ವೃದ್ಧ ರೈತನನ್ನು ಕಂಡನು. ಅರ್ಹಿಪ್ಪನು ಮೂರು ದಿನಗಳ ಕಾಲ ಹಾಡಿದನು. ಲ್ಯೋನ್‌ರೋಟನು ನಾಲ್ಕು ಸಾವಿರಕ್ಕೂ ಹೆಚ್ಚು ಸಾಲುಗಳನ್ನು ಬರೆದುಕೊಂಡನು. ಅರ್ಹಿಪ್ಪನು ಆಗ ತನ್ನ ತಂದೆಯನ್ನು ನೆನೆದನಂತೆ. ಮೀನುಗಾರಿಕೆಯ ಇರುಳುಗಳಲ್ಲಿ ತಂದೆಯೂ ಜೊತೆಯ ಆಳೂ ಬೆಂಕಿಯ ಬಳಿ ಕೈಕೈ ಹಿಡಿದುಕೊಂಡು ಬೆಳಗಿನವರೆಗೆ ಹಾಡುತ್ತಿದ್ದರು. ಹಾಡಿದ ಹಾಡನ್ನೇ ಮತ್ತೆ ಹಾಡುತ್ತಿರಲಿಲ್ಲ. ಈ ಹಾಡುಗಾರಿಕೆಗೆ ಪುಸ್ತಕದ ಹಂಗಿರಲಿಲ್ಲ. ಎಂಟು ಮಾತ್ರೆಯಂತೆ ಕಿವಿಗೆ ಕೇಳುವ ಎಂಟಕ್ಷರದ ಸಾಲು, ಸಾಲಿನೊಳಗೆ ಅನುಪ್ರಾಸ, ಒಂದು ಸಾಲು ಹೇಳಿದುದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಮತ್ತೆ ಹೇಳುವ ರೀತಿ—ಇಷ್ಟರಿಂದಲೇ ಅದು ನೆನಪಿನಲ್ಲಿ ನಿಂತಿತ್ತು.

೪

‘ಕಲೆವಾಲ’ದ ಮೊದಲ ಆವೃತ್ತಿಯು ೧೮೩೫ರಲ್ಲಿ ೩೨ ಹಾಡುಗಳಾಗಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಸಾಲುಗಳಾಗಿ ಬಂದಿತು. ೫೦೦ ಪ್ರತಿಗಳು ಅಚ್ಚಾದುವು. ಅವು ಮಾರಿಹೋಗಲು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಇಂದು ಎಲ್ಲರೂ ಓದುವ ವಿಸ್ತೃತ ಆವೃತ್ತಿ ೧೮೪೯ರದು.

ಇದು ಸಂಗ್ರಹವೋ, ರಚನೆಯೋ? ಎರಡೂ ಹೌದು. ಸಾಲುಗಳಲ್ಲಿ ಬಹುಪಾಲು ಹಾಡುಗಾರರವು. ಲ್ಯೋನ್‌ರೋಟನೇ ಪೂರ್ತಿಯಾಗಿ ಕಟ್ಟಿದವು ಕಡಮೆ. ಆದರೆ ಕಥೆಯ ಹಂದರ ಅವನದು. ಹಾಡುಗಾರರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಹಾಡನ್ನು ಹೊಂದಿಸುವುದನ್ನು ಕಂಡು, ಆ ಸ್ವಾತಂತ್ರ್ಯ ತನಗೂ ಉಂಟೆಂದು ಅವನು ಭಾವಿಸಿದನು. ಅದರಲ್ಲಿ ತಪ್ಪಿಲ್ಲ. ಆದರೆ ಆ ಸ್ವಾತಂತ್ರ್ಯವನ್ನು ಯಾವ ದಿಕ್ಕಿಗೆ ಬಳಸಿದನೆಂಬುದನ್ನು ವಿಮರ್ಶಕನು ನೋಡಬೇಕು.

ಮೊದಲನೆಯದಾಗಿ, ಬಿಡಿ ಹಾಡುಗಳನ್ನು ಎರಡು ನಾಡುಗಳ ದೀರ್ಘ ವೈರದ ಕಥೆಯಾಗಿ ಅವನು ಪೋಣಿಸಿದನು. ಒಂದು ಕಡೆ ಕಲೆವಾಲ. ಅಲ್ಲಿ ಹಾಡಿನಿಂದಲೇ ಲೋಕವನ್ನು ಆಳುವ ವೃದ್ಧ ವೈನಾಮೊಯಿನೆನ್, ಕಮ್ಮಾರ ಇಲ್ಮರಿನೆನ್, ಚಪಲಚಿತ್ತನಾದ ಲೆಮ್ಮಿನ್‌ಕೈನೆನ್. ಇನ್ನೊಂದು ಕಡೆ ಉತ್ತರದ ಕತ್ತಲ ನಾಡಾದ ಪೊಹ್ಯೋಲ. ಅಲ್ಲಿಯ ಒಡತಿ ಲೌಹಿ. ಇವರ ನಡುವೆ ‘ಸಂಪೊ’ ಎಂಬ ಅದ್ಭುತ ಯಂತ್ರ: ಒಂದು ಬದಿಯಲ್ಲಿ ಹಿಟ್ಟು, ಒಂದು ಬದಿಯಲ್ಲಿ ಉಪ್ಪು, ಒಂದು ಬದಿಯಲ್ಲಿ ಹಣ ಬೀಸುವ ಗಿರಣಿ. ಇಲ್ಮರಿನೆನ್ ಅದನ್ನು ಪೊಹ್ಯೋಲಕ್ಕೆ ಮಾಡಿಕೊಡುತ್ತಾನೆ. ಆಮೇಲೆ ಮೂವರೂ ಸೇರಿ ಅದನ್ನು ಅಪಹರಿಸುತ್ತಾರೆ. ಕಾಳಗದಲ್ಲಿ ಅದು ಸಮುದ್ರಕ್ಕೆ ಬಿದ್ದು ಒಡೆಯುತ್ತದೆ. ದಡಕ್ಕೆ ತೇಲಿಬಂದ ಚೂರುಗಳಿಂದಲೇ ನಾಡು ಫಲವತ್ತಾಗುತ್ತದೆ. ಹಾಡುಗಾರರಲ್ಲಿ ಇಷ್ಟು ಅಚ್ಚುಕಟ್ಟಾದ ‘ನಾವು–ಅವರು’ ಎಂಬ ಭೇದವಿರಲಿಲ್ಲ. ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕಿಕೊಂಡಿದ್ದ ಜನರಿಗೆ ‘ನಾವು’ ಎಂಬುದೊಂದು ಬೇಕಾಗಿತ್ತು. ಸಂಪಾದಕನು ಅದನ್ನು ಒದಗಿಸಿದನು.

ಎರಡನೆಯದಾಗಿ, ಕಥೆಯನ್ನೆಲ್ಲ ಕ್ರೈಸ್ತಪೂರ್ವದ ಪುರಾತನ ಯುಗಕ್ಕೆ ಅವನು ಒಯ್ದನು. ಹಾಡುಗಳಲ್ಲಿ ಬೆರೆತಿದ್ದ ಕ್ರೈಸ್ತ ಸಂತರ ಹೆಸರುಗಳು ಹಿಂದೆ ಸರಿದುವು. ಹೊಸ ನಾಡಿಗೆ ಹಳೆಯ ಚರಿತ್ರೆ ಬೇಕಾಗಿತ್ತು. ಶಾಸನಗಳೂ ಅರಸುಮನೆತನಗಳೂ ಇಲ್ಲದ ಕಡೆ ಹಾಡು ಆ ಸ್ಥಾನಕ್ಕೆ ಬಂದಿತು.

ಮೂರನೆಯದಾಗಿ, ಐವತ್ತು ಹಾಡುಗಳಲ್ಲಿ ಎಲ್ಲಿಯೂ ಇದು ಇಂಥವನು ಹಾಡಿದುದು, ಇದು ಇಂಥ ಹಳ್ಳಿಯದು ಎಂಬ ಗುರುತಿಲ್ಲ. ಹಲವು ಕಂಠಗಳು ಸೇರಿ ಒಂದು ಕಂಠವಾದುವು. ಆ ಒಂದು ಕಂಠವನ್ನು ‘ಫಿನ್ನಿಷ್ ಜನತೆ’ ಎಂದು ಕರೆದುದಾಯಿತು.

ಹೀಗೆಂದ ಮಾತ್ರಕ್ಕೆ ಕಾವ್ಯದ ಹಿರಿಮೆ ಕುಂದದು. ಸತ್ತು ತುಂಡಾದ ಮಗನ ಅವಯವಗಳನ್ನು ತಾಯಿಯೊಬ್ಬಳು ಯಮಲೋಕದ ನದಿಯಿಂದ ಉದ್ದ ಹಿಡಿಯ ಕುಂಟೆಯಿಂದ ಬಾಚಿ ತೆಗೆದು, ಜೋಡಿಸಿ, ಬದುಕಿಸುವ ಲೆಮ್ಮಿನ್‌ಕೈನೆನ್‌ನ ಪ್ರಸಂಗವನ್ನು ಓದಿದವರು ಮರೆಯಲಾರರು. ದಾಸನಾಗಿ ಮಾರಲ್ಪಟ್ಟು, ಸೇಡಿನಲ್ಲಿ ಬೆಂದು, ತಿಳಿಯದೆ ಒಡಹುಟ್ಟಿದವಳನ್ನೇ ಕೆಡಿಸಿ, ಕೊನೆಗೆ ತನ್ನ ಕತ್ತಿಗೆ ತಾನೇ ಬಲಿಯಾಗುವ ಕುಲ್ಲೆರ್ವೊವಿನ ಕಥೆಯ ದಾರುಣತೆ ಯಾವ ಮಹಾಕಾವ್ಯಕ್ಕೂ ಸಲ್ಲುವಂಥದು. ಈ ಕಥೆಗೆ ಬೇಕಾದ ಹಾಡುಗಳಲ್ಲಿ ಬಹಳಷ್ಟು ಸಿಕ್ಕಿದುದು ಇಂಗ್ರಿಯದಲ್ಲಿ. ಸೇಂಟ್ ಪೀಟರ್ಸ್‌ಬರ್ಗಿನ ಸುತ್ತಣ ಆ ಪ್ರದೇಶವೂ ಫಿನ್ಲೆಂಡಿನ ಹೊರಗಿನದೇ.

ಕಾವ್ಯದ ಕೊನೆಯ ಹಾಡಂತೂ ವಿಚಾರಕ್ಕೆ ಎಡೆಗೊಡುವುದು. ಮಾರ್ಯತ್ತ ಎಂಬ ಕನ್ನಿಕೆಯು ಒಂದು ಕಾಡುಹಣ್ಣನ್ನು ತಿಂದು ಗರ್ಭಿಣಿಯಾಗಿ ಮಗುವನ್ನು ಹೆರುವಳು. ಮಗುವನ್ನು ಕೊಲ್ಲಬೇಕೆಂದು ವೈನಾಮೊಯಿನೆನ್ ತೀರ್ಪು ಕೊಡುವನು. ಎರಡು ವಾರದ ಆ ಶಿಶುವು ಬಾಯಿಬಿಟ್ಟು ಅವನ ಅನ್ಯಾಯವನ್ನು ಎತ್ತಿ ಆಡುವುದು. ಆಗ ಶಿಶುವಿಗೆ ದೀಕ್ಷಾಸ್ನಾನವಾಗಿ ಪಟ್ಟವಾಗುವುದು. ವೃದ್ಧನು ನೊಂದು, ತನ್ನ ‘ಕಂತೆಲೆ’ ಎಂಬ ತಂತಿವಾದ್ಯವನ್ನೂ ಹಾಡುಗಳನ್ನೂ ಜನರಿಗೆ ಬಿಟ್ಟು, ತಾಮ್ರದ ದೋಣಿಯಲ್ಲಿ ಹೊರಟುಹೋಗುವನು. ಆ ಶಿಶುವಿಗೆ ಪಟ್ಟ ಕಟ್ಟುವುದು ಯಾವ ನಾಡಿಗೆ? ಫಿನ್ಲೆಂಡಿಗಲ್ಲ, ಕರೇಲಿಯಕ್ಕೆ. ಫಿನ್ಲೆಂಡಿನ ರಾಷ್ಟ್ರಕಾವ್ಯವು ಮುಗಿಯುವಾಗ ಗದ್ದುಗೆಯಲ್ಲಿರುವವನು ಕರೇಲಿಯದ ಅರಸು! ಹಾಡಿದವರ ನಾಡು ಕಾವ್ಯದೊಳಗೆ ತನ್ನ ಹೆಸರನ್ನು ಹೀಗೆ ಉಳಿಸಿಕೊಂಡಿದೆ.

೫

ಪುಸ್ತಕವೊಂದು ರಾಷ್ಟ್ರವನ್ನು ಕಟ್ಟಿತೆಂದು ಹೇಳುವುದು ಸುಲಭ. ‘ಕಲೆವಾಲ’ದ ಭಾಷೆಗೆ ಬಲ ಬಂದುದು ಪುಸ್ತಕದಿಂದ ಮಾತ್ರವಲ್ಲ. ೧೮೫೦ರಲ್ಲಿ ರಷ್ಯದ ಸರಕಾರವು ಹೆದರಿ, ಧಾರ್ಮಿಕ ಹಾಗೂ ಆರ್ಥಿಕ ವಿಷಯಗಳನ್ನು ಬಿಟ್ಟು ಬೇರಾವುದನ್ನೂ ಫಿನ್ನಿಷ್‌ನಲ್ಲಿ ಅಚ್ಚು ಹಾಕಕೂಡದೆಂದು ಆಜ್ಞೆ ಮಾಡಿತು. ಕೆಲವು ವರ್ಷಗಳಲ್ಲಿ ಆಳ್ವಿಕೆ ಬದಲಾಗಿ ಗಾಳಿಯೂ ಬದಲಾಯಿತು. ೧೮೫೮ರಲ್ಲಿ ಯುವಸ್ಕುಲ ಎಂಬಲ್ಲಿ ಫಿನ್ನಿಷ್ ಮಾಧ್ಯಮದ ಮೊದಲ ಪ್ರೌಢಶಾಲೆ, ೧೮೬೩ರಲ್ಲಿ ಅಲ್ಲಿಯೇ ಆ ಭಾಷೆಯ ಮೊದಲ ಅಧ್ಯಾಪಕ ಶಿಕ್ಷಣಶಾಲೆ ತೆರೆದುವು. ಅದೇ ೧೮೬೩ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನು, ಇಪ್ಪತ್ತು ವರ್ಷಗಳೊಳಗೆ ಕಚೇರಿ–ನ್ಯಾಯಸ್ಥಾನಗಳಲ್ಲಿ ಫಿನ್ನಿಷ್‌ಗೆ ಸ್ವೀಡಿಷ್‌ನೊಡನೆ ಸಮಾನ ಸ್ಥಾನ ದೊರೆಯಬೇಕೆಂದು ಶಾಸನ ಹೊರಡಿಸಿದನು. ಮಹಾಕಾವ್ಯಕ್ಕೆ ಓದುಗರನ್ನು ಸೃಷ್ಟಿಸಿದುದು ಈ ಶಾಲೆಗಳು. ಓದಿದವರಿಗೆ ಕೆಲಸ ಕೊಟ್ಟುದು ಈ ಶಾಸನ.

ಇದರ ಫಲ ಸಾಹಿತ್ಯದಲ್ಲಿ ಬೇಗನೆ ಕಂಡಿತು. ಅಲೆಕ್ಸಿಸ್ ಕಿವಿ ೧೮೭೦ರಲ್ಲಿ ಪ್ರಕಟಿಸಿದ ‘ಏಳು ಜನ ಸೋದರರು’ ಆ ಭಾಷೆಯ ಮೊದಲ ದೊಡ್ಡ ಕಾದಂಬರಿ. (‘ಕಿವಿ’ ಎಂದರೆ ಅವರ ಭಾಷೆಯಲ್ಲಿ ಕಲ್ಲು, ಅವನ ಮನೆತನದ ಸ್ವೀಡಿಷ್ ಹೆಸರು ಸ್ಟೆನ್‌ವಾಲ್.) ಅಕ್ಷರ ಕಲಿಯಲೊಲ್ಲದೆ ಉಪದೇಶಿಯ ಮನೆಯ ಕಿಟಕಿಯಿಂದ ಹಾರಿ ಕಾಡು ಸೇರಿದ ಏಳು ಜನ ಅಣ್ಣತಮ್ಮಂದಿರು, ಬಹುಕಾಲ ಅಲೆದು, ಕೊನೆಗೆ ತಾವಾಗಿ ಓದು ಕಲಿತು ಊರಿಗೆ ಮರಳುವ ಕಥೆಯಿದು. ‘ಕಲೆವಾಲ’ದ ವೀರರಿಗೂ ಈ ಒರಟರಿಗೂ ಅಜಗಜಾಂತರ. ಹೆಲ್ಸಿಂಕಿಯ ಫಿನ್ನಿಷ್ ಪ್ರಾಧ್ಯಾಪಕ ಅಹ್ಲ್‌ಕ್ವಿಸ್ಟನು ಅದನ್ನು ಕಟುವಾಗಿ ಹಳಿದನು: ನಮ್ಮ ಜನ ಇಂಥವರಲ್ಲವೆಂದು. ಕಿವಿ ೧೮೭೨ರ ಕೊನೆಯ ದಿನ ಬಡತನದಲ್ಲಿಯೂ ಬುದ್ಧಿವಿಕಲತೆಯಲ್ಲಿಯೂ ತೀರಿಕೊಂಡನು. ರಾಷ್ಟ್ರಭಾವವು ತನಗೊಂದು ಸುಂದರ ಚಿತ್ರವನ್ನು ಬರೆದುಕೊಂಡ ಮೇಲೆ, ಅದಕ್ಕೆ ಹೊಂದದ ಸತ್ಯವನ್ನು ಸಹಿಸದೆಂಬುದಕ್ಕೆ ಇದು ಉದಾಹರಣೆ. ಇಂದು ಕಿವಿಯೇ ಅವರ ರಾಷ್ಟ್ರೀಯ ಲೇಖಕ!

೧೮೯೯ರಲ್ಲಿ ಎರಡನೆಯ ನಿಕೊಲಸನು ಫಿನ್ಲೆಂಡಿನ ಸ್ವಾಯತ್ತತೆಯನ್ನು ಮೊಟಕುಗೊಳಿಸಿದನು. ಎರಡು ವಾರಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಸಹಿಮಾಡಿದ ಮನವಿಯನ್ನು ಚಕ್ರವರ್ತಿ ಸ್ವೀಕರಿಸಲೂ ಇಲ್ಲ. ಮನವಿಗೆ ಕಿವಿಗೊಡದಿದ್ದಾಗ ಕಲೆಯೇ ಮಾತಾಡಿತು. ಸಿಬೇಲಿಯುಸನ ‘ಫಿನ್ಲಾಂಡಿಯ’ ಸಂಗೀತವೂ ಗಾಲೆನ್–ಕಲ್ಲೆಲ ಎಂಬ ಚಿತ್ರಕಾರನು ೧೯೦೦ರ ಪ್ಯಾರಿಸ್ ಪ್ರದರ್ಶನಕ್ಕೆ ಬರೆದ ‘ಕಲೆವಾಲ’ದ ಚಿತ್ರಗಳೂ ಈ ಕಾಲದವು. ಈ ಇಬ್ಬರ ಮನೆಮಾತೂ ಸ್ವೀಡಿಷ್. ೧೯೦೬ರಲ್ಲಿ ಸ್ನೆಲ್‌ಮನ್ನನ ಜನ್ಮಶತಮಾನೋತ್ಸವದಂದು ಹತ್ತಾರು ಸಾವಿರ ಜನ ತಮ್ಮ ಸ್ವೀಡಿಷ್ ಹೆಸರುಗಳನ್ನು ಬಿಟ್ಟು ಫಿನ್ನಿಷ್ ಹೆಸರುಗಳನ್ನು ಇಟ್ಟುಕೊಂಡರು. ೧೯೧೭ರ ಡಿಸೆಂಬರ್ ೬ರಂದು ದೇಶ ಸ್ವತಂತ್ರವಾಯಿತು.

ಒಂದು ಮಾತು ಮೆಚ್ಚತಕ್ಕದ್ದು. ಸ್ವತಂತ್ರ ಫಿನ್ಲೆಂಡು ಹಳೆಯ ಒಡೆಯರ ಭಾಷೆಯನ್ನು ಹೊರದೂಡಲಿಲ್ಲ. ೧೯೧೯ರ ಸಂವಿಧಾನದಲ್ಲಿ ಫಿನ್ನಿಷ್, ಸ್ವೀಡಿಷ್ ಎರಡೂ ರಾಷ್ಟ್ರಭಾಷೆಗಳಾದುವು. ಸ್ವೀಡಿಷ್ ಆಡುವವರು ಇಂದು ನೂರಕ್ಕೆ ಐದರಷ್ಟು ಮಾತ್ರ. ಆ ನಿಯಮ ಇಂದಿಗೂ ಇದೆ.

೬

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಮಂಗಳಕರವಾದ ಕಥೆಯಾಗುವುದು. ಆದರೆ ಲತ್ವಯಾರ್ವಿಯ ಕಡೆಗೊಮ್ಮೆ ತಿರುಗಿ ನೋಡಬೇಕು.

೧೯೧೮ರಲ್ಲಿ ಫಿನ್ಲೆಂಡಿನೊಳಗೆ ಕೆಂಪರೂ ಬಿಳಿಯರೂ ಕಾದಾಡಿ ೩೬,೦೦೦ಕ್ಕೂ ಹೆಚ್ಚು ಜನ ಸತ್ತರು. ಒಂದೇ ‘ಕಲೆವಾಲ’ವನ್ನು ಓದಿ ಬೆಳೆದವರು ಎರಡು ಪಕ್ಷವಾದರು. ಸೋತವರ ದುಃಖಕ್ಕೆ ನಾಡಿನ ಸಾಹಿತ್ಯದಲ್ಲಿ ತಕ್ಕ ಸ್ಥಳ ದೊರೆಯಲು ವೈನೊ ಲಿನ್ನನ ‘ಧ್ರುವತಾರೆಯ ಕೆಳಗೆ’ ಎಂಬ ಕಾದಂಬರಿತ್ರಯ (೧೯೫೯–೬೨) ಬರಬೇಕಾಯಿತು.

ಗೆದ್ದವರಲ್ಲಿ ಕೆಲವರಿಗೆ ಇನ್ನೊಂದು ಆಸೆ ಹುಟ್ಟಿತು. ಹಾಡು ನಮ್ಮದಾದರೆ ಹಾಡು ಹುಟ್ಟಿದ ನೆಲವೂ ನಮ್ಮದೇ ಎಂದರು ಅವರು. ೧೯೧೮ರಿಂದ ಕೆಲವು ವರ್ಷ ಗಡಿ ದಾಟಿ ದಂಡಯಾತ್ರೆಗಳು ನಡೆದುವು. ೧೯೨೦ರ ತಾರ್ತು ಒಪ್ಪಂದದಲ್ಲಿ ಪೂರ್ವ ಕರೇಲಿಯವು ಸೋವಿಯತ್ ರಷ್ಯದಲ್ಲಿಯೇ ಉಳಿಯಿತು. ೧೯೪೧ರಲ್ಲಿ ಫಿನ್ನಿಷ್ ಸೇನೆಯು ಜರ್ಮನಿಯೊಡನೆ ಕೂಡಿ ಹೋರಾಡಿ ಅದನ್ನು ಹಿಡಿದು ೧೯೪೪ರ ವರೆಗೆ ಆಳಿತು. ಆಗ ಅಲ್ಲಿಯ ಜನರನ್ನು ಸೋದರಭಾಷೆಯವರೆಂದೂ ಅಲ್ಲದವರೆಂದೂ ವಿಂಗಡಿಸಲಾಯಿತು. ಅಲ್ಲದವರಲ್ಲಿ ಸಾವಿರಾರು ರಷ್ಯನ್ ಮಕ್ಕಳು, ಮುದುಕರು, ಹೆಂಗಸರು ಸೆರೆಶಿಬಿರಗಳಲ್ಲಿ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಕಾವ್ಯದ ಮೇಲಣ ಪ್ರೀತಿಯು ನೆಲದ ಹಕ್ಕಾಗಿ ಮಾರ್ಪಟ್ಟಾಗ ಏನಾಗಬಹುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಯುದ್ಧದಲ್ಲಿ ಸೋತ ಫಿನ್ಲೆಂಡು ತನ್ನದೇ ಆಗಿದ್ದ ಪಶ್ಚಿಮ ಕರೇಲಿಯವನ್ನೂ ಕಳೆದುಕೊಂಡಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠಗಳನ್ನು ಬಿಟ್ಟು ಬಂದರು.

ಆಚೆಯ ಕಡೆಯೂ ರಾಜಕೀಯ ಸುಮ್ಮನಿರಲಿಲ್ಲ. ಸೋವಿಯತ್ ಆಡಳಿತವು ಕರೇಲಿಯನರಿಗೆ ಮೊದಲು ಫಿನ್ನಿಷನ್ನೇ ಬರಹದ ಭಾಷೆಯಾಗಿ ಕೊಟ್ಟಿತು. ೧೯೩೦ರ ದಶಕದ ಕೊನೆಯಲ್ಲಿ ಅದನ್ನು ತಡೆದು ರಷ್ಯನ್ ಲಿಪಿಯ ಕರೇಲಿಯನ್ ಭಾಷೆಯನ್ನು ತಂದಿತು. ಕೆಲವೇ ವರ್ಷಗಳಲ್ಲಿ ಅದನ್ನೂ ಬಿಟ್ಟಿತು. ಮೂರು ಸಲ ಪಾಠಪುಸ್ತಕ ಬದಲಾದ ಮಕ್ಕಳಿಗೆ ಯಾವ ಭಾಷೆ ಉಳಿದೀತು? ೧೯೪೯ರಲ್ಲಿ ಹೊಸ ‘ಕಲೆವಾಲ’ದ ಶತಮಾನೋತ್ಸವವನ್ನು ಪೆಟ್ರೊಜಾವೊಡ್ಸ್ಕ್ ನಗರದಲ್ಲಿಯೂ ವೈಭವದಿಂದ ಆಚರಿಸಿದರು. ೧೯೬೩ರಲ್ಲಿ ವಿಯೆನದ ಊಹ್ತುವ ಎಂಬ ಹಾಡುಗಾರರ ಊರಿಗೆ ‘ಕಲೆವಾಲ’ ಎಂದೇ ಹೆಸರಿಟ್ಟರು. ಊರಿನಿಂದ ಪುಸ್ತಕ ಹುಟ್ಟಿತ್ತು. ಪುಸ್ತಕದ ಹೆಸರಿನ ಕೆಳಗೆ ಊರಿನ ಹಳೆಯ ಹೆಸರು ಮುಚ್ಚಿಹೋಯಿತು. ಇಂದು ರಷ್ಯದ ಕರೇಲಿಯ ಗಣರಾಜ್ಯದಲ್ಲಿ ಕರೇಲಿಯನ್ ನುಡಿಗೆ ಅಧಿಕೃತ ಭಾಷೆಯ ಸ್ಥಾನವಿಲ್ಲ. ಆಡುವವರ ಸಂಖ್ಯೆ ಇಳಿಯುತ್ತಲೇ ಇದೆ.

ಹಾಡುಗಾರರಿಗೆ ಸಂದ ಗೌರವವೂ ಇದೇ ತೆರದ್ದು. ಇಂಗ್ರಿಯದ ಲಾರಿನ್ ಪರಸ್ಕೆ ಎಂಬಾಕೆಯಿಂದ ಬರೆದುಕೊಂಡ ಸಾಲುಗಳು ೩೨,೦೦೦ಕ್ಕೂ ಹೆಚ್ಚು. ಚಿತ್ರಕಾರರು ಆಕೆಯ ಚಿತ್ರ ಬರೆದರು. ತರುಣ ಸಿಬೇಲಿಯುಸನು ೧೮೯೧ರಲ್ಲಿ ಹೋಗಿ ಆಕೆಯ ಹಾಡನ್ನು ಕೇಳಿಬಂದನು. ಆಕೆ ೧೯೦೪ರಲ್ಲಿ ಸತ್ತುದು ಬಡತನದಲ್ಲಿ.

೭

ಫಿನ್ನಿಷ್ ವಿದ್ವಾಂಸರು ಈ ಋಣವನ್ನು ಅರಿಯದವರಲ್ಲ. ೧೯೦೮ರಿಂದ ೧೯೪೮ರ ವರೆಗೆ ಅವರು ‘ಫಿನ್ನಿಷ್ ಜನತೆಯ ಪ್ರಾಚೀನ ಹಾಡುಗಳು’ ಎಂಬ ೩೩ ಸಂಪುಟಗಳನ್ನು ಹೊರತಂದರು. ೧೯೯೭ರಲ್ಲಿ ಇನ್ನೊಂದು ಸಂಪುಟ ಸೇರಿತು. ಅಲ್ಲಿ ಹಾಡುಗಳನ್ನು ಹೊಲಿದು ಒಂದು ಮಾಡಿಲ್ಲ. ಊರು, ಸಂಗ್ರಾಹಕ, ವರ್ಷ, ತಿಳಿದ ಮಟ್ಟಿಗೆ ಹಾಡಿದವರ ಹೆಸರು ಇವುಗಳೊಡನೆ ಪ್ರತಿಯೊಂದು ಪಾಠವನ್ನೂ ಬೇರೆಬೇರೆಯಾಗಿ ಕೊಟ್ಟಿದ್ದಾರೆ. ಮೊದಲ ಸಂಪುಟವೇ ವಿಯೆನದ ಹಾಡುಗಳದು. ‘ಕಲೆವಾಲ’ವು ಮರೆಸಿದ ಅರ್ಹಿಪ್ಪನನ್ನು ಈ ಸಂಪುಟ ಮತ್ತೆ ಮಾತಾಡಿಸಿತು.

ಇದೇ ವಿದ್ವತ್ಪರಂಪರೆಯ ಮುಂದಿನ ಹೆಜ್ಜೆ ನಮ್ಮ ಕರಾವಳಿಗೆ ಬಂದುದನ್ನು ಇಲ್ಲಿ ಹೇಳಲೇಬೇಕು. ಲೌರಿ ಹೊಂಕೊ ಎಂಬ ಫಿನ್ನಿಷ್ ಜಾನಪದ ವಿದ್ವಾಂಸರು ಶ್ರೀಮಾನ್ ಬಿ. ಎ. ವಿವೇಕ ರೈ, ಶ್ರೀಮಾನ್ ಕೆ. ಚಿನ್ನಪ್ಪ ಗೌಡ ಮತ್ತು ಶ್ರೀಮತಿ ಅನ್ನೆಲಿ ಹೊಂಕೊ ಇವರೊಡನೆ, ದಕ್ಷಿಣ ಕನ್ನಡದ ಮಾಚಾರಿನ ಗೋಪಾಲ ನಾಯ್ಕರು ೧೯೯೦ರಲ್ಲಿ ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. ೧೫,೬೮೩ ಸಾಲುಗಳ ಆ ಪಾಠವು ಇಂಗ್ಲಿಷ್ ಅನುವಾದದೊಡನೆ ೧೯೯೮ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ; ಇದು ಅವರು ಹಾಡಿದ ‘ಸಿರಿ’ ಎಂಬುದನ್ನು ಆ ಪುಟವೇ ಸಾರುತ್ತದೆ. ಬೇರೆ ಬೇರೆ ಹಾಡುಗಾರರ ಪಾಠಗಳನ್ನು ಬೆರಸದೆ, ಒಬ್ಬರು ಹಾಡಿದುದನ್ನು ಹಾಡಿದಂತೆಯೇ ಕೊಟ್ಟಿದ್ದಾರೆ. ೧೮೩೪ರಿಂದ ೧೯೯೮ರ ವರೆಗಿನ ವಿವೇಕದ ದಾರಿ ಇದು.

೮

ನಮಗೆ ಇದರಿಂದ ತಿಳಿಯಬೇಕಾದುದೇನು? ೧೯೫೬ರ ನವೆಂಬರ್ ೧ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಹೊಸದಾಗಿ ಏರ್ಪಟ್ಟಾಗ, ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ೧೯೪೯ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಗಳೆಂಬ ಗೌರವ ಪಡೆದಿದ್ದ ಗೋವಿಂದ ಪೈಗಳು ಮಂಜೇಶ್ವರದ ತಮ್ಮ ಮನೆಯಿಂದ ಕದಲಲಿಲ್ಲ. ಅವರ ಕಾಲ ಕೆಳಗಿನ ನೆಲದ ರಾಜ್ಯವು ಬದಲಾಯಿತು. ೧೯೬೭ರ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತಾದರೂ ಅದು ಕಾರ್ಯಗತವಾಗಲಿಲ್ಲ. ಹೀಗಿರುವಾಗ ನಮ್ಮ ಮುಂದೆ ಎರಡು ಅಪಾಯಗಳಿವೆ. ಒಳನಾಡಿನವರು ಗಡಿನಾಡಿನ ಕಾವ್ಯವನ್ನು ತಮ್ಮದೆಂದು ಹೆಮ್ಮೆಪಟ್ಟು, ಅದನ್ನು ಹಾಡುವ ಮಕ್ಕಳ ಶಾಲೆಯನ್ನು ಮರೆಯುವುದು ಒಂದು. ನಮ್ಮ ಭಾಷೆಯ ಹಕ್ಕನ್ನು ಕೇಳುವ ಭರದಲ್ಲಿ ನೆರೆಮನೆಯ ಮಲೆಯಾಳಿ, ತೆಲುಗ, ಮರಾಠಿ, ತಮಿಳರನ್ನು ‘ಪೊಹ್ಯೋಲ’ದವರೆಂದು ಭಾವಿಸುವುದು ಇನ್ನೊಂದು. ಕರೇಲಿಯದ ಚರಿತ್ರೆ ಈ ಎರಡಕ್ಕೂ ಎಚ್ಚರಿಕೆ.

ಸಂಸ್ಕೃತಿಯನ್ನು ರಾಜಕೀಯವು ರೂಪಿಸುವುದು ನಿಜ. ಅದನ್ನು ತಡೆಯುವುದು ಒಬ್ಬ ಅಧ್ಯಾಪಕನ ಕೈಯಲ್ಲಿಲ್ಲ. ಗಡಿಯನ್ನು ಎಳೆಯುವವರು ನಮ್ಮನ್ನು ಕೇಳಿ ಎಳೆಯುವುದಿಲ್ಲ. ಆದರೆ ಹಾಡಿದವರ ಹೆಸರನ್ನು ಉಳಿಸುವುದು ನಮ್ಮ ಕೈಯಲ್ಲಿದೆ. ತಾಳವಾಡಿಯಲ್ಲಿಯೋ, ಜತ್ತದಲ್ಲಿಯೋ, ಆದವಾನಿಯಲ್ಲಿಯೋ, ಕುಂಬಳೆಯಲ್ಲಿಯೋ ಇರುವ ನಮ್ಮ ಶಾಲೆಗಳ ಮಕ್ಕಳು ಬರುವ ರಜೆಯಲ್ಲಿ ತಮ್ಮ ಮನೆಯ ಅಜ್ಜಿಯಿಂದ, ಓಣಿಯ ಹಿರಿಯರಿಂದ ಒಂದೊಂದು ಹಾಡನ್ನು ಕೇಳಿ ಬರೆದುಕೊಳ್ಳಲಿ. ಕೇಳಿದಂತೆಯೇ ಬರೆಯಲಿ, ತಿದ್ದುವುದು ಬೇಡ, ಎರಡನ್ನು ಸೇರಿಸಿ ಒಂದು ಮಾಡುವುದು ಬೇಡ. ನಡುವೆ ತೆಲುಗಿನ, ತುಳುವಿನ, ಮರಾಠಿಯ ಮಾತು ಬಂದರೆ ಅದನ್ನೂ ಹಾಗೆಯೇ ಬಿಡಲಿ. ಹಾಡಿನ ಕೆಳಗೆ ಹಾಡಿದವರ ಹೆಸರು, ಊರು, ದಿನಾಂಕ ಇಷ್ಟನ್ನು ತಪ್ಪದೆ ಬರೆಯಲಿ. ಅಧ್ಯಾಪಕರು ಆ ಹಾಳೆಗಳನ್ನು ಕೂಡಿಸಿ ಶಾಲೆಯ ಕಪಾಟಿನಲ್ಲಿ ಇಡಲಿ.